ಧ್ಯಾನವನ್ನು ವಿವರಿಸಲು ಕ್ವಾಂಟಮ್ ಬೇಕೇ? ಶ್ರಾವಣದ ಉಪನ್ಯಾಸಕ್ಕೆ ಒಂದು ನೆಟ್ಟಗಿನ ಹೋಲಿಕೆ ಹುಡುಕುತ್ತಿದ್ದೇನೆ

ಕೆಲಗೇರಿ ಮಾಸ್ತರ
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನಮ್ಮ ಬಡಾವಣೆಯಲ್ಲಿ ಶ್ರಾವಣ ತಿಂಗಳಿಡೀ ಪ್ರವಚನ ನಡೆಯುತ್ತದೆ, ಅದರಲ್ಲಿ ಒಂದು ಸಂಜೆಯನ್ನು ವಿಜ್ಞಾನ ಮತ್ತು ಅಧ್ಯಾತ್ಮಕ್ಕೆಂದು ಮೀಸಲಿಡುತ್ತಾರೆ. ಕಳೆದ ವರ್ಷ ಆ ಸಂಜೆ ಬಂದ ಉಪನ್ಯಾಸಕರು, ಮನಸ್ಸು ಒಂದು ಕ್ವಾಂಟಮ್ ತರಂಗವೆಂದೂ, ಧ್ಯಾನದಲ್ಲಿ ನಾವು ‘ವೀಕ್ಷಕ’ರಾದ ಕೂಡಲೇ ಆ ತರಂಗ ಕುಸಿದು ನಾವು ಬಯಸಿದ ವಾಸ್ತವವೇ ಎದುರಿಗೆ ಬಂದು ನಿಲ್ಲುತ್ತದೆಂದೂ ಹೇಳಿ ಭರ್ಜರಿ ಚಪ್ಪಾಳೆ ಗಿಟ್ಟಿಸಿದರು. ನಾನು ಪ್ರಸಾದದ ಸಾಲಿನಲ್ಲಿ ನಿಂತು ಗೊಣಗಿದ್ದು ಕಮಿಟಿಯವರ ಕಿವಿಗೆ ಬಿದ್ದು, ‘ಹಂಗಾರ ಈ ವರ್ಷ ನೀವ ಮಾತಾಡ್ರಿ ಸರ’ ಎಂದು ಅರ್ಧ ಗಂಟೆಯನ್ನು ನನ್ನ ಕೊರಳಿಗೇ ಕಟ್ಟಿದ್ದಾರೆ.

ಕೇಳಲು ಬರುವವರಲ್ಲಿ ನಿತ್ಯ ಲಿಂಗಪೂಜೆ ಮಾಡುವ ತಾಯಂದಿರಿದ್ದಾರೆ, ಪಿಯುಸಿ ಓದುವ ಹುಡುಗರಿದ್ದಾರೆ. ಯಾರ ನಂಬಿಕೆಯನ್ನೂ ನೋಯಿಸದೆ, ಸುಳ್ಳನ್ನೂ ಹೇಳದೆ, ಧ್ಯಾನದಲ್ಲಿ ಏನಾಗುತ್ತದೆಂದು ಭೌತಶಾಸ್ತ್ರದ ಒಂದು ಹೋಲಿಕೆಯಿಂದ ತಿಳಿಸಬೇಕು. ನಾನು ಸಾಧನಕೇರಿಯ ಕೆರೆಯ ನೀರನ್ನು ಆರಿಸಿಕೊಂಡಿದ್ದೆ: ಗಾಳಿ ನಿಂತರೆ ಅಲೆ ಅಡಗುತ್ತದೆ, ಅಲೆ ಅಡಗಿದರೆ ತಳ ಕಾಣುತ್ತದೆ. ಇದನ್ನು ಮನೆಯಲ್ಲಿ ಹೇಳಿ ನೋಡಿದಾಗ ನಮ್ಮ ಮನೆಯವರು, ‘ನಾ ಕುಂತಾಗ ಗಾಳಿ ನಿಲ್ಲೂದ ಇಲ್ಲಲ್ಲ, ಹಂಗಾರ ನಂದು ಧ್ಯಾನ ಅಲ್ಲೇನು?’ ಎಂದು ಕೇಳಿದರು. ಇಪ್ಪತ್ತು ವರ್ಷಗಳಿಂದ ಬೆಳಿಗ್ಗೆ ತಪ್ಪದೆ ಕೂಡುವವರು ಅವರು, ನಾನಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿರಿ.

ಬ್ಯಾಡಗಿ ಖಾರ
ಕ್ವಾಂಟಮ್ ಎಂಬ ಪದವನ್ನು ತೆಗೆದುಬಿಟ್ಟರೆ ಜನರು ನೇರವಾಗಿ ಪ್ರಸಾದದ ಹೊತ್ತಿಗೇ ಬರುತ್ತಾರೆ, ಮಾಸ್ತರರೇ.

ಎರಡು ಸೀಳು
ಸರ್, ನಾನು ಹುಬ್ಬಳ್ಳಿಯವಳು, ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕಳೆದ ವರ್ಷದ ಉಪನ್ಯಾಸದ ತಪ್ಪು ‘ವೀಕ್ಷಣೆ’ ಎಂಬ ಒಂದೇ ಪದದಲ್ಲಿದೆ. ಪ್ರಯೋಗಾಲಯದಲ್ಲಿ ಎಲೆಕ್ಟ್ರಾನುಗಳನ್ನು ಎರಡು ಸೀಳುಗಳ ಮೂಲಕ ಹಾಯಿಸಿದರೆ ಎದುರಿನ ಪರದೆಯ ಮೇಲೆ ಅಲೆಗಳಿಂದಾದಂತಹ ಪಟ್ಟಿಗಳು ಮೂಡುತ್ತವೆ. ಅಲ್ಲಿ ವೀಕ್ಷಣೆ ಎಂದರೆ, ಎಲೆಕ್ಟ್ರಾನು ಯಾವ ಸೀಳಿನಿಂದ ಹಾದುಹೋಯಿತು ಎಂಬುದರ ಗುರುತು ಯಾವುದಾದರೊಂದು ವಸ್ತುವಿನಲ್ಲಿ ಉಳಿಯುವುದು, ಅಷ್ಟೇ. ಕೋಣೆಗೆ ಬೀಗ ಜಡಿದು ನಾವೆಲ್ಲ ಊಟಕ್ಕೆ ಹೋದರೂ ಡಿಟೆಕ್ಟರ್ ಚಾಲೂ ಇದ್ದರೆ ಪರದೆಯ ಮೇಲಿನ ಪಟ್ಟಿಗಳು ಮಾಯವಾಗುತ್ತವೆ. ಅಲ್ಲಿ ಮನಸ್ಸಿಗೆ ಕೆಲಸವಿಲ್ಲ, ಸಂಕಲ್ಪಕ್ಕಂತೂ ಮೊದಲೇ ಇಲ್ಲ.

ಮೆದುಳಿನೊಳಗೆ ಕ್ವಾಂಟಮ್ ಸ್ಥಿತಿಗಳು ಎಷ್ಟು ಹೊತ್ತು ಬಾಳಬಲ್ಲವೆಂಬುದನ್ನು 2000ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ ಲೆಕ್ಕ ಹಾಕಿ ತೋರಿಸಿದರು. ಅವರ ಲೆಕ್ಕದಲ್ಲಿ ಬಂದ ಅತಿ ದೀರ್ಘ ಅವಧಿಯೇ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗ. ನರಕೋಶ ಒಮ್ಮೆ ಮಿಡಿಯಲು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಸಮಯ ಬೇಕು. ಬೆಚ್ಚಗಿನ, ತೇವದ, ಅಣುಗಳು ಒಂದನ್ನೊಂದು ಸದಾ ನೂಕಾಡುವ ಮೆದುಳಿನಲ್ಲಿ ಆ ಸೂಕ್ಷ್ಮ ಸ್ಥಿತಿ ವಿಚಾರವೊಂದು ಹುಟ್ಟುವ ಮೊದಲೇ ಚೆದುರಿಹೋಗಿರುತ್ತದೆ.

ಅನಾಹತ
ತಂಗೀ, ಅಷ್ಟು ಅವಸರದ ತೀರ್ಪು ಬೇಡ. ರೋಜರ್ ಪೆನ್ರೋಸ್ ಅವರು ನರಕೋಶದೊಳಗಿನ ಸೂಕ್ಷ್ಮನಾಳಗಳಲ್ಲಿ ಕ್ವಾಂಟಮ್ ಕ್ರಿಯೆ ನಡೆದು ಅದರಿಂದಲೇ ಪ್ರಜ್ಞೆ ಮೂಡುತ್ತದೆಂದು ಬರೆದಿದ್ದಾರೆ. ಅವರು ನೊಬೆಲ್ ಪ್ರಶಸ್ತಿ ಪಡೆದವರು. ಕ್ವಾಂಟಮ್ ಸಿದ್ಧಾಂತವನ್ನು ಕಟ್ಟಿದವರಲ್ಲಿ ಒಬ್ಬರಾದ ಶ್ರೋಡಿಂಗರ್ ವೇದಾಂತದ ಆಳವಾದ ಅಭಿಮಾನಿಯಾಗಿದ್ದರು. ಇವರಿಬ್ಬರಿಗಿಂತ ನಾವು ಹೆಚ್ಚು ಬಲ್ಲವರೇ?

ಎರಡು ಸೀಳು
ಅಣ್ಣಾವರೇ, ಪೆನ್ರೋಸ್ ಅವರಿಗೆ 2020ರಲ್ಲಿ ನೊಬೆಲ್ ಬಂದದ್ದು ಕಪ್ಪುಕುಳಿಗಳ ಗಣಿತಕ್ಕೆ, ಸೂಕ್ಷ್ಮನಾಳಗಳಿಗಲ್ಲ. ಸ್ಟುವರ್ಟ್ ಹ್ಯಾಮರಾಫ್ ಅವರೊಂದಿಗೆ ಅವರು ಮಂಡಿಸಿದ ಆ ಊಹೆ ಇನ್ನೂ ವಿವಾದದಲ್ಲೇ ಇದೆ. ಅದು ನಾಳೆ ನಿಜವೆಂದು ಸಿದ್ಧವಾದರೂ, ಧ್ಯಾನ ಮಾಡಿದರೆ ವಾಸ್ತವ ಬದಲಾಗುತ್ತದೆಂಬ ಮಾತು ಅದರಿಂದ ಹೊರಡುವುದಿಲ್ಲ. ಶ್ರೋಡಿಂಗರ್ ಅವರ ವೇದಾಂತದ ಪ್ರೀತಿ ನಿಜವೇ. ಆದರೆ 1926ರಲ್ಲಿ ಅವರು ಕೊಟ್ಟ ಸಮೀಕರಣದಲ್ಲಿ ಪ್ರಜ್ಞೆಗೆಂದು ಒಂದು ಅಕ್ಷರವೂ ಇಲ್ಲ.

ಕಪ್ಪತಗುಡ್ಡದ ಗಾಳಿ
ಗದಗಿನಿಂದ ಒಂದು ಉಪಪ್ರಶ್ನೆ. ನನ್ನ ಅಳಿಯ ‘ಭೂಮಿಯ ನಾಡಿ 7.83 ಹರ್ಟ್ಸ್’ ಎಂಬ ಧ್ವನಿಮುದ್ರಿಕೆಯನ್ನು ದುಡ್ಡು ಕೊಟ್ಟು ಕೊಂಡು, ಹೆಡ್‌ಫೋನ್ ಹಾಕಿಕೊಂಡು ಕೂಡುತ್ತಾನೆ. ಮೆದುಳಿನ ತರಂಗವೂ ಸೆಕೆಂಡಿಗೆ ಎಂಟರ ಆಸುಪಾಸಿನದೇ ಆದ್ದರಿಂದ ಎರಡೂ ಅನುರಣಿಸುತ್ತವೆಂದು, ಅಂದರೆ ಲಯ ಕೂಡಿ ಬಲಗೊಳ್ಳುತ್ತವೆಂದು, ಅವನ ವಾದ. ಇದರಲ್ಲಿ ಹುರುಳಿದೆಯೇ?

ಕೆಲಗೇರಿ ಮಾಸ್ತರ
ಇದಕ್ಕೆ ನಾನೇ ಉತ್ತರಿಸುತ್ತೇನೆ, ಏಕೆಂದರೆ ಅನುರಣನದ ಪಾಠ ನನಗೆ ಬಲು ಪ್ರಿಯವಾದದ್ದು. 7.83 ಹರ್ಟ್ಸ್ ಎಂಬ ಸಂಖ್ಯೆ ಕಟ್ಟುಕಥೆಯಲ್ಲ. ನೆಲಕ್ಕೂ ಅಯಾನುಮಂಡಲಕ್ಕೂ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ನಡುವಿನ ಪೊಳ್ಳಿನಲ್ಲಿ ಮಿಂಚಿನಿಂದ ಎದ್ದ ವಿದ್ಯುತ್ಕಾಂತೀಯ ಅಲೆಗಳು ಭೂಮಿಯನ್ನು ಸುತ್ತುವರಿದು ನಿಲ್ಲುವ ಆವೃತ್ತಿ ಅದು, 1952ರಲ್ಲಿ ವಿನ್‌ಫ್ರೀಡ್ ಶೂಮನ್ ಅದನ್ನು ಮೊದಲೇ ಲೆಕ್ಕ ಹಾಕಿ ಹೇಳಿದ್ದರು. ಆದರೆ ಅದರ ಬಲ ಒಂದು ಪಿಕೋಟೆಸ್ಲಾದ ಸುಮಾರಿನದು, ಎಂದರೆ ದಿಕ್ಸೂಚಿಯನ್ನು ತಿರುಗಿಸುವ ಭೂಕಾಂತ ಕ್ಷೇತ್ರದ ಕೋಟಿಗಟ್ಟಲೆ ಭಾಗಗಳಲ್ಲಿ ಒಂದು. ನಿಮ್ಮ ಮನೆಯ ವೈರಿಂಗಿನ 50 ಹರ್ಟ್ಸ್ ಕ್ಷೇತ್ರವೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೇಲಾಗಿ ಅದು ಶಬ್ದವೇ ಅಲ್ಲ, ಆದ್ದರಿಂದ ಹೆಡ್‌ಫೋನಿನಲ್ಲಿ ಕೇಳುವ ಮಾತೇ ಬರುವುದಿಲ್ಲ. ಎರಡು ಸಂಖ್ಯೆಗಳು ಹತ್ತಿರವಿದ್ದ ಮಾತ್ರಕ್ಕೆ ಅನುರಣನವಾಗದು, ನಡುವೆ ಶಕ್ತಿ ದಾಟುವ ದಾರಿಯೂ ಇರಬೇಕು. ಅಳಿಯಂದಿರಿಗೆ ಹೇಗೆ ಹೇಳುವುದೆಂಬುದು ನಿಮಗೆ ಬಿಟ್ಟದ್ದು.

ಇಇಜಿ ಕೋಣೆ
ನಾನು ಹುಬ್ಬಳ್ಳಿಯಲ್ಲಿ ಹದಿನಾರು ವರ್ಷಗಳಿಂದ ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ತಂತ್ರಜ್ಞೆ. ಮೆದುಳಿನ ತರಂಗವೆಂಬ ಮಾತು ಬಂದಿರುವುದರಿಂದ ನಾನು ದಿನವೂ ಕಾಣುವುದನ್ನು ಹೇಳುತ್ತೇನೆ. ತಲೆಗೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸಿದ ಮೇಲೆ ಸಿಗುವ ಸಂಕೇತ ಒಂದು ವೋಲ್ಟಿನ ಲಕ್ಷದಲ್ಲಿ ಕೆಲವು ಭಾಗಗಳಷ್ಟು ಮಾತ್ರ. ರೋಗಿ ಹಲ್ಲು ಕಚ್ಚಿದರೆ ಸಾಕು, ಸ್ನಾಯುವಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ‘ಕಣ್ಣು ಮುಚ್ಚಿರಿ’ ಎಂದು ಹೇಳಿದ ಒಂದೆರಡು ಸೆಕೆಂಡಿನಲ್ಲಿ ತಲೆಯ ಹಿಂಭಾಗದ ಗೆರೆಗಳಲ್ಲಿ 8ರಿಂದ 13 ಹರ್ಟ್ಸ್‌ನ ಆಲ್ಫಾ ಅಲೆಗಳು ಸಾಲುಗಟ್ಟುತ್ತವೆ, ಕಣ್ಣು ತೆರೆದೊಡನೆ ಅಡಗುತ್ತವೆ. ಇದನ್ನು ಹಾನ್ಸ್ ಬರ್ಗರ್ 1929ರಲ್ಲೇ ಪ್ರಕಟಿಸಿದ್ದರು. ಸಂತೆಯಲ್ಲಿ ಜಗಳವಾಡಿ ಬಂದವರಲ್ಲೂ ಹೀಗೆಯೇ ಆಗುತ್ತದೆ. ಆದ್ದರಿಂದ ‘ಧ್ಯಾನ ಮಾಡಿದರೆ ಆಲ್ಫಾ ಬರುತ್ತದೆ’ ಎಂದು ಯಾರಾದರೂ ಪರದೆ ತೋರಿಸಿದರೆ, ಬರೀ ಕಣ್ಣು ಮುಚ್ಚಿದಾಗ ಎಷ್ಟು ಬಂದಿತ್ತೆಂದು ಕೇಳಿರಿ.

ಇದರ ಜೊತೆಗೆ ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾದೀತು. ದೆಹಲಿಯಲ್ಲಿ ಬಿ. ಕೆ. ಆನಂದ್ ಮತ್ತು ಸಂಗಡಿಗರು ಕೆಲವು ಯೋಗಿಗಳನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಧ್ಯಾನದಲ್ಲಿದ್ದಾಗ ಹೊರಗಿನ ಯಾವ ಪ್ರಚೋದನೆಯಿಂದಲೂ ಅವರ ಆಲ್ಫಾ ಕದಲಲಿಲ್ಲವೆಂದಿದೆ. ಅದೇ ವರದಿಯ ಇಬ್ಬರು ಯೋಗಿಗಳು ಹಿಮದಂತಹ ತಣ್ಣೀರಿನಲ್ಲಿ ಕೈಯನ್ನು ಮುಕ್ಕಾಲು ಗಂಟೆಗೂ ಮಿಕ್ಕಿ ಅದ್ದಿಕೊಂಡು ಕುಳಿತಿದ್ದರು. 1966ರಲ್ಲಿ ಜಪಾನಿನ ಕಸಮಾತ್ಸು ಮತ್ತು ಹಿರಾಯಿ ಅವರು ಝೆನ್ ಭಿಕ್ಷುಗಳಲ್ಲಿ ಕಂಡದ್ದು ಬೇರೆಯೇ. ಅಲ್ಲಿ ಪ್ರತಿಯೊಂದು ಟಿಕ್ ಶಬ್ದಕ್ಕೂ ಆಲ್ಫಾ ಕ್ಷಣಕಾಲ ನಿಂತು ಮರಳುತ್ತಿತ್ತು, ಇಪ್ಪತ್ತನೆಯ ಶಬ್ದವೂ ಮೊದಲನೆಯದರಷ್ಟೇ ಹೊಸದಾಗಿತ್ತು. ಒಬ್ಬರು ಬಾಗಿಲು ಮುಚ್ಚಿಕೊಳ್ಳುವವರು, ಇನ್ನೊಬ್ಬರು ತೆರೆದಿಟ್ಟು ಕಾಯುವವರು. ಎರಡನ್ನೂ ‘ಧ್ಯಾನ’ ಎಂಬ ಒಂದೇ ಡಬ್ಬಿಗೆ ತುಂಬಿದ್ದೇ ಈ ಗೊಂದಲದ ಬೇರು ಎಂದು ನನಗೆ ತೋರುತ್ತದೆ.

ನೃಪತುಂಗ ಬೆಟ್ಟ
ಮಾಸ್ತರರ ಕೆರೆಯ ಹೋಲಿಕೆಗೆ ನನ್ನದೂ ಒಂದು ತಕರಾರಿದೆ. ನಾನು ಜೀವಶಾಸ್ತ್ರದವನು. ಮೆದುಳು ದೇಹದ ತೂಕದಲ್ಲಿ ಶೇ 2ರಷ್ಟಿದ್ದು, ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ತಾನೇ ತಿನ್ನುತ್ತದೆ. ಸುಮಾರು 20 ವ್ಯಾಟ್. ನಮ್ಮ ಮನೆಗಳಲ್ಲಿ ರಾತ್ರಿ ಉರಿಯುತ್ತಿದ್ದ ಹಳೆಯ ಜೀರೋ ಬಲ್ಬು, ಹೆಸರಿಗೆ ಸೊನ್ನೆಯಾದರೂ, 15 ವ್ಯಾಟ್ ಎಳೆಯುತ್ತಿತ್ತಲ್ಲ, ಹೆಚ್ಚುಕಡಿಮೆ ಅಷ್ಟು. ಕಠಿಣವಾದ ಲೆಕ್ಕ ಬಿಡಿಸಿದರೂ ಸುಮ್ಮನೆ ಕುಳಿತರೂ ಈ ಖರ್ಚಿನಲ್ಲಿ ಆಗುವ ವ್ಯತ್ಯಾಸ ಅತಿ ಅಲ್ಪ. ಗಾಳಿ ನಿಂತ ಕೆರೆಯಂತೆ ಮೆದುಳು ಎಂದೂ ತಣ್ಣಗಾಗುವುದಿಲ್ಲ, ಹಾಗಾದರೆ ಅದನ್ನು ಸಾವು ಎನ್ನುತ್ತಾರೆ.

ಕೆಲಸವಿಲ್ಲದಾಗ ಮೆದುಳು ಮಾಡುವುದೇನೆಂದರೆ ಅಲೆದಾಟ. ನಾವು ಹೊರಗಿನ ಕೆಲಸ ಬಿಟ್ಟಾಗಲೇ ಚುರುಕಾಗುವ ಭಾಗಗಳ ಒಂದು ಜಾಲವಿದೆ ಎಂದು 2001ರಲ್ಲಿ ಮಾರ್ಕಸ್ ರೇಕಲ್ ತಂಡ ವಿವರಿಸಿತು. ನಿನ್ನೆಯ ಮಾತು, ನಾಳೆಯ ಚಿಂತೆ, ‘ಅವರು ನನ್ನ ಬಗ್ಗೆ ಏನೆಂದುಕೊಂಡರೋ’ ಎಂಬಿತ್ಯಾದಿ ‘ನಾನು’ ಕುರಿತ ಧಾರಾವಾಹಿಗಳೆಲ್ಲ ಅಲ್ಲಿ ನಡೆಯುತ್ತವೆ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2,250 ಮಂದಿಯನ್ನು ಫೋನಿನ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ವಿಚಾರಿಸಿದಾಗ, ಶೇ 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲಿರಲಿಲ್ಲ. ಗಾಳಿ ನಿಲ್ಲುವುದಿಲ್ಲವೆಂದು ನಿಮ್ಮ ಮನೆಯ ಅಕ್ಕಾವರು ಹೇಳಿದ್ದು ವಿಜ್ಞಾನದ ದೃಷ್ಟಿಯಿಂದ ನಿಮ್ಮ ಮಾತಿಗಿಂತ ಸರಿಯಾಗಿದೆ.

ಉಣಕಲ್ ಹುಡುಗ
ಧ್ಯಾನದಿಂದ ಮೆದುಳು ದಪ್ಪವಾಗುತ್ತದೆ ಎಂದು ಹೇಳಬಹುದಲ್ಲ ಸರ್, ಹುಡುಗರಿಗೆ ಇಷ್ಟವಾಗುತ್ತದೆ.

ನೃಪತುಂಗ ಬೆಟ್ಟ
ಬೇಡ ತಮ್ಮಾ. 2005ರಲ್ಲಿ ಸಾರಾ ಲಜಾರ್ ಅವರು 20 ಮಂದಿ ಅನುಭವಿ ಧ್ಯಾನಿಗಳಲ್ಲಿ ಕೆಲವು ಭಾಗಗಳು ದಪ್ಪವಿರುವುದನ್ನು ಕಂಡರು, ನಿಜ. ಆದರೆ ಅದು ಧ್ಯಾನದ ಫಲವೋ, ಅಂಥವರೇ ಧ್ಯಾನದತ್ತ ಬಂದರೋ ಎಂಬುದು ಆ ಒಂದು ಹೋಲಿಕೆಯಿಂದ ಗೊತ್ತಾಗುವುದಿಲ್ಲ. ಎಂಟು ವಾರಗಳ ತರಬೇತಿ ಕೊಟ್ಟು, ತರಬೇತಿಯಿಲ್ಲದವರೊಂದಿಗೆ ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆದುಳಿನ ರಚನೆಯಲ್ಲಿ ಬದಲಾವಣೆ ಕಾಣಲಿಲ್ಲ. ಅದನ್ನು ಮಾಡಿದವರು ಧ್ಯಾನದ ವಿರೋಧಿಗಳಲ್ಲ, ಈ ಕ್ಷೇತ್ರದ ಹಿರಿಯರಾದ ರಿಚರ್ಡ್ ಡೇವಿಡ್‌ಸನ್ ಅವರ ತಂಡವೇ.

ಖರ್ಜದ ತಂಬೂರಿ
ಇಷ್ಟು ಹೊತ್ತಾದರೂ ಉಸಿರಿನ ಮಾತನ್ನು ಯಾರೂ ಎತ್ತಲಿಲ್ಲವಲ್ಲ! ಕಿರಾಣಾ ಘರಾಣೆಯ ಗಾಯನದ ನೆಲದವರಾದ ನಮಗೆ ಅದೇ ಮೊದಲು ಹೊಳೆಯಬೇಕಿತ್ತು. ಬೆಳಗಿನ ಜಾವ ಖರ್ಜ (ಕೆಳಗಿನ ಸ್ವರಗಳ) ಸಾಧನೆ ಮಾಡುವಾಗ ಒಂದೇ ಸ್ವರವನ್ನು ಉಸಿರು ತೀರುವವರೆಗೆ ಹಿಡಿಯುತ್ತೇವೆ, ಆಗ ನಿಮಿಷಕ್ಕೆ ಐದಾರು ಉಸಿರಿಗಿಂತ ಹೆಚ್ಚು ಆಗುವುದಿಲ್ಲ. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಗೆ ಲ್ಯಾಟಿನ್ ಜಪಮಾಲೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದಾಗ, ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಇಳಿಯಿತು. ರಕ್ತದೊತ್ತಡವನ್ನು ಸರಿದೂಗಿಸುವ ವ್ಯವಸ್ಥೆಗೂ ತನ್ನದೇ ಆದ ಸುಮಾರು ಹತ್ತು ಸೆಕೆಂಡಿನ ಲಯವಿದೆ. ಉಸಿರು ಆ ಲಯಕ್ಕೆ ಬಂದಾಗ ಹೃದಯದ ಬಡಿತದ ಏರಿಳಿತ ಅದರೊಂದಿಗೆ ಕೂಡಿಕೊಂಡು ದೊಡ್ಡದಾಗುತ್ತದೆ. ಮಾಸ್ತರರಿಗೆ ಅನುರಣನವೇ ಬೇಕಿದ್ದರೆ ನಿಜವಾದದ್ದು ಇಲ್ಲಿದೆ, ಅಯಾನುಮಂಡಲದವರೆಗೆ ಹೋಗಬೇಕಾಗಿಲ್ಲ. ಸಿದ್ಧಾರೂಢ ಮಠದಲ್ಲಿ ‘ಓಂ ನಮಃ ಶಿವಾಯ’ ನಿಧಾನವಾಗಿ ಸಾಗುವಾಗ ನೀವೇ ಎಣಿಸಿ ನೋಡಿರಿ.

ಲೋಕೋ ಶೆಡ್
ಸರ್, ನಾನು ಹುಬ್ಬಳ್ಳಿ ರೈಲ್ವೆಯಲ್ಲಿ ಡೀಸೆಲ್ ಎಂಜಿನ್‌ಗಳ ವೇಗ ಕಾಯುವ ಗವರ್ನರ್ ದುರಸ್ತಿ ಮಾಡಿ ನಿವೃತ್ತನಾದ ಫಿಟ್ಟರ್. ಮೆದುಳಿನ ಶಾಸ್ತ್ರ ನನಗೆ ತಿಳಿಯದು, ಆದರೆ ಅಕ್ಕಾವರ ಪ್ರಶ್ನೆ ಓದಿದ ಮೇಲೆ ನನ್ನ ಹಳೆಯ ಕೆಲಸವೇ ಕಣ್ಣಮುಂದೆ ಬಂದಿತು.

ಎಂಜಿನ್ ಒಂದು ವೇಗದಲ್ಲಿ ಓಡಬೇಕೆಂದು ಡ್ರೈವರ್ ಹಿಡಿ ಇಟ್ಟಿರುತ್ತಾನೆ. ಏರು ಬಂದಾಗ ಹೊರೆ ಹೆಚ್ಚಿ ವೇಗ ಇಳಿಯುತ್ತದೆ. ಗವರ್ನರ್‌ನೊಳಗೆ ತಿರುಗುವ ತೂಕಗಳು ಒಳಗೆ ಬಾಗುತ್ತವೆ, ಆ ಬಾಗುವಿಕೆಯಿಂದ ಇಂಧನ ಹೆಚ್ಚುತ್ತದೆ, ವೇಗ ಮರಳುತ್ತದೆ. ಇಳಿಜಾರಿನಲ್ಲಿ ಇದರ ತಿರುಗುಮುರುಗು. ಹೊಸ ಹುಡುಗರಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು ಇದು: ಗವರ್ನರ್ ಇರುವುದು ವೇಗ ತಪ್ಪದಿರಲಿ ಎಂದಲ್ಲ, ತಪ್ಪಿದ್ದನ್ನು ಕಂಡು ಮರಳಿಸಲಿ ಎಂದು. ವೇಗ ಒಂದಿಷ್ಟೂ ತಪ್ಪದಿದ್ದರೆ ಗವರ್ನರ್ ಕೆಲಸವನ್ನೇ ಮಾಡುವುದಿಲ್ಲ. ಅಕ್ಕಾವರ ಗಾಳಿ ನಿಲ್ಲದಿದ್ದರೆ ನಿಲ್ಲದಿರಲಿ. ಮನಸ್ಸು ಎಮ್ಮೆಯ ಹಾಲಿನ ಲೆಕ್ಕಕ್ಕೆ ಹೋಯಿತೆಂದು ಗೊತ್ತಾಗಿ ಉಸಿರಿಗೆ ಮರಳಿದ ಗಳಿಗೆಯೇ ಅವರ ಗವರ್ನರ್ ತಿರುಗಿದ ಗಳಿಗೆ.

ಇನ್ನೊಂದು ಸಂಗತಿ ಇದೆ. ಗವರ್ನರ್ ಅತಿಯಾಗಿ ಚುರುಕಾದರೆ ಎಂಜಿನ್ ‘ಹಂಟಿಂಗ್’ ಮಾಡುತ್ತದೆ. ವೇಗ ಕೊಂಚ ಇಳಿದರೆ ಇಂಧನ ವಿಪರೀತ ಕೊಡುತ್ತದೆ, ವೇಗ ಮೇಲೆ ಜಿಗಿಯುತ್ತದೆ, ಆಗ ವಿಪರೀತ ಕಡಿತ, ಮತ್ತೆ ಕೆಳಗೆ. ನಿಂತ ಎಂಜಿನ್ ಕೂಡ ವೂಂ ವೂಂ ಎಂದು ಏದುಸಿರು ಬಿಡುತ್ತದೆ. ಆಗ ನಾವು ಸೂಜಿ ವಾಲ್ವನ್ನು ಹೊಂದಿಸಿ, ಎಣ್ಣೆ ಹರಿಯುವ ದಾರಿಯನ್ನು ಹದ ಮಾಡಿ, ಪ್ರತಿಕ್ರಿಯೆಯನ್ನು ಮೆತ್ತಗೆ ಮಾಡುತ್ತಿದ್ದೆವು. ನಾನು ನಿವೃತ್ತನಾದ ಮೇಲೆ ಧ್ಯಾನಕ್ಕೆ ಕುಳಿತಾಗ ನನಗೆ ಆದದ್ದು ಇದೇ. ‘ಮನಸ್ಸು ನಿಂತಿತೇ, ನಿಂತಿತೇ’ ಎಂದು ಮೇಲಿಂದ ಮೇಲೆ ಪರೀಕ್ಷಿಸಿ, ತಪ್ಪಿದಾಗಲೆಲ್ಲ ನನ್ನನ್ನೇ ಬೈದುಕೊಂಡು, ಹತ್ತು ನಿಮಿಷದಲ್ಲಿ ತಲೆನೋವು ತಂದುಕೊಂಡಿದ್ದೆ.

ಬ್ಯಾಡಗಿ ಖಾರ
ಕ್ವಾಂಟಮ್ ಇಲ್ಲದೆಯೂ ಓದಿಸಿಕೊಂಡು ಹೋಯಿತು, ನನ್ನ ಮೊದಲ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಎರಡು ಸೀಳು
ಕಾಕಾ, ನೀವು ಮೆದುಳಿನ ಶಾಸ್ತ್ರ ತಿಳಿಯದೆಂದು ಹೇಳಿ ಅದನ್ನೇ ಹೇಳಿದ್ದೀರಿ. 2012ರಲ್ಲಿ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು 14 ಧ್ಯಾನಿಗಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಉಸಿರಿನ ಮೇಲೆ ಗಮನವಿಡಲು ಹೇಳಿ, ಮನಸ್ಸು ಅಲೆದದ್ದು ಅರಿವಿಗೆ ಬಂದ ಕೂಡಲೇ ಗುಂಡಿ ಒತ್ತಲು ಹೇಳಿದರು. ಅಲೆದಾಟದ ಹೊತ್ತಿನಲ್ಲಿ ಬೆಟ್ಟದ ಸರ್ ವಿವರಿಸಿದ ‘ನಾನು’ ಜಾಲ ಚುರುಕಾಗಿತ್ತು. ‘ಅಯ್ಯೋ, ಹೋದೆನಲ್ಲ’ ಎಂಬ ಅರಿವಿನ ಹೊತ್ತಿಗೆ ಮುಖ್ಯವಾದದ್ದನ್ನು ಗುರುತಿಸುವ ಇನ್ನೊಂದು ಜಾಲ ಎಚ್ಚೆತ್ತಿತು, ಮರಳಿಸುವಾಗ ಹಣೆಯ ಹಿಂದಿನ ನಿಯಂತ್ರಣದ ಭಾಗಗಳು ದುಡಿದವು. ತೂಕ ಬಾಗುವುದು, ಇಂಧನ ಬದಲಾಗುವುದು, ವೇಗ ಮರಳುವುದು. ಯಂತ್ರ ಅಳೆಯುವುದು ರಕ್ತದ ಆಮ್ಲಜನಕವನ್ನು, ಅದು ಕೆಲವು ಸೆಕೆಂಡು ತಡವಾಗಿ ಬರುತ್ತದೆ, ಆದ್ದರಿಂದ ಹಂತಗಳ ಗಡಿಗಳು ಮಸುಕಾಗಿರುತ್ತವೆ ಎಂಬ ಎಚ್ಚರವನ್ನೂ ಸೇರಿಸಿಕೊಳ್ಳಿರಿ. ಹಂಟಿಂಗ್ ಏಕೆ ಆಗುತ್ತದೆಂಬ ಗಣಿತವನ್ನು 1868ರಲ್ಲಿಯೇ ಬರೆದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಆದ್ದರಿಂದ ಇದು ಅಪ್ಪಟ ಭೌತಶಾಸ್ತ್ರವೇ, ಮಾಸ್ತರರು ನಾಚಬೇಕಾಗಿಲ್ಲ.

ವರದೆಯ ದಂಡೆ
ಹಾವೇರಿಯಿಂದ ಬರೆಯುತ್ತಿದ್ದೇನೆ. ಗವರ್ನರ್ ಚೆನ್ನಾಗಿದೆ, ಆದರೆ ಅದು ಧಾರಣೆಗೆ ಮಾತ್ರ ಸಲ್ಲುತ್ತದೆ. ತಪ್ಪುವುದು, ಹಿಡಿದು ತರುವುದು ಧಾರಣೆ. ಎಣ್ಣೆಯ ಧಾರೆಯಂತೆ ಕಡಿಯದೆ ಹರಿಯುವುದು ಧ್ಯಾನ. ನಾನು ಬಾಲ್ಯದಿಂದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ನೋಟ ನಿಲ್ಲಿಸುವವಳು. ನೋಟ ನಿಂತಂತೆ ಸುತ್ತಲಿನದೆಲ್ಲ ಕರಗಿ, ಲಿಂಗದ ಕಂತಿಯ, ಅಂದರೆ ಅದರ ಕಪ್ಪು ಲೇಪದ, ಹೊಳಪೊಂದೇ ಉಳಿಯುತ್ತದೆ. ಆಗ ಮರಳಿಸುವವರು ಯಾರು, ಮರಳುವುದು ಯಾವುದು? ಇದಕ್ಕೆ ನಿಮ್ಮ ಯಂತ್ರದಲ್ಲಿ ಜಾಗವೆಲ್ಲಿದೆ?

ಇಇಜಿ ಕೋಣೆ
ಅಕ್ಕಾ, ಸುತ್ತಲಿನದು ಕರಗುವುದಕ್ಕೆ ಒಂದು ವಿವರಣೆಯಿದೆ, ಬೇಸರಿಸಬಾರದು. ನೋಟವನ್ನು ಒಂದೇ ಬಿಂದುವಿನಲ್ಲಿ ಕದಲದಂತೆ ಇಟ್ಟರೆ ಅಂಚಿನ ವಸ್ತುಗಳು ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುತ್ತವೆಂದು 1804ರಲ್ಲಿ ಟ್ರಾಕ್ಸ್ಲರ್ ಎಂಬ ವೈದ್ಯರು ಗುರುತಿಸಿದ್ದರು. ಬದಲಾಗದ ಸಂಕೇತಕ್ಕೆ ದೃಷ್ಟಿಯ ನರಗಳು ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ, ನಾವು ತೊಟ್ಟ ಬಳೆಯ ಸ್ಪರ್ಶ ಮರೆತುಹೋಗುವಂತೆ.

ವರದೆಯ ದಂಡೆ
ಬೇಸರವೇನಿಲ್ಲ. ಕಣ್ಣಿನ ವಿಷಯ ಒಪ್ಪಿದೆ. ನಾನು ಕೇಳಿದ್ದು ಕಣ್ಣಿನದಲ್ಲ.

ಲೋಕೋ ಶೆಡ್
ಅಕ್ಕಾವರೇ, ನಿಮ್ಮ ಪ್ರಶ್ನೆಗೆ ಗವರ್ನರ್‌ನಲ್ಲಿ ಜಾಗವಿಲ್ಲ. ವೇಗ ಎಷ್ಟಿರಬೇಕೆಂದು ಹಿಡಿ ಇಟ್ಟವನು ಯಾರೆಂಬುದನ್ನೂ ಗವರ್ನರ್ ಹೇಳಲಾರದು.

ಮಧ್ಯಾಹ್ನದ ಡ್ಯೂಟಿ
ನಾನು ಧಾರವಾಡದಲ್ಲಿ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಶುಶ್ರೂಷಕಿ. ಮಾಸ್ತರರು ಎರಡು ಮಾತು ಸೇರಿಸಲೇಬೇಕೆಂದು ಕೇಳಿಕೊಳ್ಳುತ್ತೇನೆ. ಶಿಬಿರಕ್ಕೆ ಹೋಗಿ ಬಂದವರು ಮೂರ್ಛೆರೋಗದ ಗುಳಿಗೆ, ಮನೋರೋಗದ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಿ ವಾರದೊಳಗೆ ನಮ್ಮಲ್ಲಿಗೆ ಬರುವುದನ್ನು ಕಂಡಿದ್ದೇನೆ. ಹಾಗೆಯೇ ಹಳೆಯ ಆಘಾತವಿದ್ದವರು, ಭ್ರಮೆಯ ಕಾಯಿಲೆಯಿದ್ದವರು ದಿನಕ್ಕೆ ಹತ್ತು ಗಂಟೆ ಮೌನದಲ್ಲಿ ಕುಳಿತರೆ ಕಳವಳ ಹೆಚ್ಚಾಗುವುದೂ ಉಂಟು. ಅಂಥವರು ವೈದ್ಯರನ್ನು ಕೇಳಿ, ಗುಳಿಗೆ ಬಿಡದೆ, ಹತ್ತು ನಿಮಿಷದಿಂದ ಆರಂಭಿಸಲಿ.

ಅನಾಹತ
ನಾನು ಇನ್ನೂ ಒಪ್ಪಿಲ್ಲ. ಧ್ಯಾನವನ್ನು ಎಂಜಿನ್ ಮಾಡಿದಿರಿ, ಇಷ್ಟೇ. ಆದರೂ ಗುಳಿಗೆಯ ಮಾತು ಸತ್ಯ, ನಮ್ಮ ಓಣಿಯಲ್ಲಿಯೂ ಆಗಿದೆ.

ಕೆಲಗೇರಿ ಮಾಸ್ತರ
ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಕೆರೆಯನ್ನು ಕೈಬಿಟ್ಟಿದ್ದೇನೆ. ಗವರ್ನರ್‌ನಿಂದ ಆರಂಭಿಸಿ, ಗುಂಡಿ ಒತ್ತಿದ ಹದಿನಾಲ್ವರ ಕಥೆ ಹೇಳಿ, ಸಭಿಕರಿಂದ ಎರಡು ನಿಮಿಷ ಉಸಿರು ಎಣಿಸಿ, ಗುಳಿಗೆಯ ಮಾತಿನಿಂದ ಮುಗಿಸುವುದೆಂದು ನಿಶ್ಚಯಿಸಿದ್ದೇನೆ. ಹಾವೇರಿಯ ಅಕ್ಕಾವರ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಸಭೆಯ ಮುಂದಿಡುತ್ತೇನೆ, ಉತ್ತರ ಗೊತ್ತಿರುವವನಂತೆ ನಟಿಸುವುದಿಲ್ಲ. ಮನೆಯವರಿಗೆ ಲೋಕೋ ಶೆಡ್ ಅವರ ಬರಹವನ್ನು ಓದಿ ಹೇಳಿದೆ. ‘ಎಮ್ಮಿ ಹಾಲಿನ ಲೆಕ್ಕ ಅವರಿಗೆ ಹೆಂಗ ಗೊತ್ತಾತು?’ ಎಂದಷ್ಟೇ ಕೇಳಿದರು.

ಲೋಕೋ ಶೆಡ್ ಅವರೇ, ತೋರಿಸಲು ಒಂದು ಗವರ್ನರ್ ಸಿಗಬಹುದೇ? ಚಿತ್ರ ಬರೆದರೆ ಹಿಂದಿನ ಸಾಲಿನವರಿಗೆ ಕಾಣದು.

ಲೋಕೋ ಶೆಡ್
ರೈಲ್ವೆಯದನ್ನು ತರುವಂತಿಲ್ಲ ಸರ್. ಮೊಮ್ಮಗನ ಶಾಲೆಯ ಪ್ರದರ್ಶನಕ್ಕೆಂದು ಎರಡು ಕಬ್ಬಿಣದ ಗುಂಡು, ಸೈಕಲ್ಲಿನ ಕಡ್ಡಿಗಳನ್ನು ಸೇರಿಸಿ ಹಳೆಯ ಉಗಿಯಂತ್ರದ ನಮೂನೆಯದೊಂದನ್ನು ಮಾಡಿಕೊಟ್ಟಿದ್ದೆ. ರವಿವಾರ ಚಿಗರಿ ಬಸ್ಸಿನಲ್ಲಿ ತರುತ್ತೇನೆ. ಅದರ ಸ್ಪ್ರಿಂಗ್ ಸಡಿಲಾಗಿದೆ, ರಿಪೇರಿ ಮಾಡದೆ ಹಾಗೆಯೇ ತರುತ್ತೇನೆ. ಹಂಟಿಂಗ್ ತೋರಿಸಲು ಅದೇ ಒಳ್ಳೆಯದು.